ಹಸುವಿನ ಎದೆಗೆ ಬೆಲ್ಟ್ ಕಟ್ಟಿ ನರದ ಕೆಲಸ ಅಳೆದದ್ದು

ಹಸುವಿನ ಗುಂಡಿಗೆ ನಿಮಿಷಕ್ಕೆ 70 ಸಲ ಬಡಿಯುತ್ತಿದೆ ಅಂದರೆ ಎರಡು ಬಡಿತಗಳ ನಡುವೆ ಪ್ರತಿ ಸಲವೂ ಸರಿಯಾಗಿ 857 ಮಿಲಿಸೆಕೆಂಡ್ ಇರುತ್ತದೆ ಅಂತಲ್ಲ. ಒಮ್ಮೆ 842 ಇರುತ್ತದೆ, ಮುಂದಿನದು 861, ಅದರ ಮುಂದಿನದು 869. ಈ ಸಣ್ಣ ಏರುಪೇರಿನ ಹಿಂದೆ ಇರುವುದು ನರ. ಅದನ್ನು ನಂಬುವ ಮಟ್ಟಿಗೆ ಅಳೆಯಬೇಕು ಅಂತ ಒಂದು ಬೆಲ್ಟ್ ಕಟ್ಟಿದೆ. ತಿಪಟೂರು ಕಡೆಯ ನಮ್ಮ ಮನೆಯ ಎಚ್‌ಎಫ್ ಕ್ರಾಸ್ ಹಸು ಗೌರಿ ಅದನ್ನು ಹಾಕಿಕೊಂಡು ಮೇಯುತ್ತಾಳೆ, ಮಲಗುತ್ತಾಳೆ, ಮೆಲುಕು ಹಾಕುತ್ತಾಳೆ.

ನನಗಿದ್ದ ಪ್ರಶ್ನೆ ಸಣ್ಣದು. ಬೇಸಿಗೆಯಲ್ಲಿ ತಗಡಿನ ಶೀಟಿನ ಕೊಟ್ಟಿಗೆಯಲ್ಲಿ ನಿಲ್ಲುವ ಹಸುವನ್ನು ಅದೇ ಹೊತ್ತಿಗೆ ಹಲಸಿನ ಮರದ ಕೆಳಗೆ ಕಟ್ಟಿದರೆ ಅದಕ್ಕೆ ನಿಜವಾಗಿಯೂ ಹಾಯಾಗುತ್ತದಾ? ನೋಡೋಕೆ ಎರಡೂ ಕಡೆ ಒಂದೇ ಥರ ನಿಂತಿರುತ್ತಾಳೆ. ದನಗಳು ನೋವನ್ನಾಗಲಿ ದಣಿವನ್ನಾಗಲಿ ಬೇಗ ತೋರಿಸಿಕೊಳ್ಳುವುದಿಲ್ಲ. ಹಾಲು ಕಮ್ಮಿಯಾದ ಮೇಲೆ ತಿಳಿಯುವುದು ತಡವಾಯಿತು ಅಂತಲೇ ಅರ್ಥ. ಅದಕ್ಕೂ ಮುಂಚೆ ತಿಳಿಯುವ ದಾರಿ ಬೇಕಿತ್ತು.

ಬಡಿತದ ವೇಗ ಮಾತ್ರ ಸಾಲದು

ಗುಂಡಿಗೆಗೆ ತನ್ನದೇ ಲಯ ಇದೆ. ಬಲ ಹೃತ್ಕರ್ಣದಲ್ಲಿರುವ ಸೈನಸ್ ನೋಡ್ ಅನ್ನುವ ಪುಟ್ಟ ಜಾಗ ತಾನಾಗಿಯೇ ಮಿಡಿತ ಹುಟ್ಟಿಸುತ್ತದೆ. ಅಲ್ಲಿಗೆ ಎರಡು ಬಗೆಯ ನರ ಬರುತ್ತದೆ. ಸಿಂಪಥೆಟಿಕ್ ನರ ವೇಗ ಹೆಚ್ಚಿಸುತ್ತದೆ. ವೇಗಸ್ ನರ ಬ್ರೇಕ್ ಇದ್ದ ಹಾಗೆ, ವೇಗ ತಗ್ಗಿಸುತ್ತದೆ. ವೇಗಸ್ ನರವನ್ನು ಕೆಣಕಿದರೆ ಗುಂಡಿಗೆ ನಿಧಾನವಾಗುತ್ತದೆ, ನಿಂತೇ ಹೋಗಬಹುದು ಅಂತ 1845ರಲ್ಲೇ ಜರ್ಮನಿಯ ವೆಬರ್ ಸೋದರರು ತೋರಿಸಿದ್ದರು. 1921ರಲ್ಲಿ ಆಟೋ ಲೋವಿ ಎರಡು ಕಪ್ಪೆಗಳ ಗುಂಡಿಗೆ ಇಟ್ಟುಕೊಂಡು ಒಂದರ ವೇಗಸ್ ನರಕ್ಕೆ ವಿದ್ಯುತ್ ಕೊಟ್ಟರು. ಆ ಗುಂಡಿಗೆ ನೆನೆದಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದರೆ ಅದೂ ನಿಧಾನವಾಯಿತು. ನರ ರಾಸಾಯನಿಕದ ಮೂಲಕ ಮಾತಾಡುತ್ತದೆ ಅನ್ನುವುದಕ್ಕೆ ಅದು ಪುರಾವೆ. ಆ ರಾಸಾಯನಿಕ ಅಸಿಟೈಲ್‌ಕೋಲಿನ್. 1936ರ ನೊಬೆಲ್ ಬಹುಮಾನ ಲೋವಿ ಮತ್ತು ಹೆನ್ರಿ ಡೇಲ್ ಇಬ್ಬರಿಗೂ ಸೇರಿ ಬಂತು.

ನನ್ನ ಬೆಲ್ಟಿಗೆ ಆಧಾರ ಈ ಅಸಿಟೈಲ್‌ಕೋಲಿನ್‌ನ ಒಂದು ಗುಣ. ಅದು ಬಿಡುಗಡೆಯಾದ ಕೂಡಲೇ ಕೆಲಸ ಮಾಡುತ್ತದೆ, ಕ್ಷಣದಲ್ಲೇ ಒಡೆದು ಹೋಗುತ್ತದೆ. ಹಾಗಾಗಿ ವೇಗಸ್ ಒಂದೊಂದು ಬಡಿತವನ್ನೂ ಬೇರೆ ಬೇರೆಯಾಗಿ ಹಿಡಿಯಬಲ್ಲದು, ಬಿಡಬಲ್ಲದು. ಸಿಂಪಥೆಟಿಕ್ ನರದ ಪರಿಣಾಮ ಏರೋಕೂ ಇಳಿಯೋಕೂ ಹಲವು ಸೆಕೆಂಡ್ ಬೇಕು. ಅಂದರೆ ಒಂದು ಬಡಿತದಿಂದ ಮುಂದಿನ ಬಡಿತಕ್ಕೆ ಆಗುವ ಚುರುಕು ಬದಲಾವಣೆ ಬಹುಪಾಲು ವೇಗಸ್‌ನದೇ. ಉಸಿರು ಒಳಗೆಳೆದಾಗ ಬ್ರೇಕ್ ಸ್ವಲ್ಪ ಸಡಿಲವಾಗುತ್ತದೆ, ಬಿಟ್ಟಾಗ ಬಿಗಿಯಾಗುತ್ತದೆ. ನಾಯಿಯ ಎದೆಗೆ ಕಿವಿಯಿಟ್ಟರೆ ಇದು ಯಂತ್ರವೇ ಇಲ್ಲದೆ ಕೇಳುತ್ತದೆ. ಹಸುವಿನಲ್ಲಿ ಅಷ್ಟು ದೊಡ್ಡದಾಗಿ ಇರುವುದಿಲ್ಲ, ಅಳೆದೇ ನೋಡಬೇಕು.

ಬಡಿತ 70ರಿಂದ 82ಕ್ಕೆ ಏರಿತು ಅಂತ ಇಟ್ಟುಕೊಳ್ಳಿ. ಬ್ರೇಕ್ ಸಡಿಲವಾಗಿ ಏರಿತೋ, ಸಿಂಪಥೆಟಿಕ್ ದೂಡಿ ಏರಿತೋ? ಆ ಸಂಖ್ಯೆಯೊಂದೇ ಇದನ್ನು ಹೇಳುವುದಿಲ್ಲ. ಅದಕ್ಕೇ ಆರ್‌ಎಂಎಸ್‌ಎಸ್‌ಡಿ ಅನ್ನುವ ಲೆಕ್ಕ. ಪ್ರತಿ ಬಡಿತದ ಅಂತರವನ್ನು ಅದರ ಹಿಂದಿನ ಅಂತರದಿಂದ ಕಳೆಯಬೇಕು. ಬಂದ ವ್ಯತ್ಯಾಸಗಳನ್ನೆಲ್ಲ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಾಕಬೇಕು. ಐದು ನಿಮಿಷದ ತುಂಡಿಗೆ ಒಂದು ಸಂಖ್ಯೆ ಸಿಗುತ್ತದೆ. ಅದು ದೊಡ್ಡದಿದ್ದರೆ ವೇಗಸ್ ಹಿಡಿತ ಬಲವಾಗಿದೆ, ಚಿಕ್ಕದಿದ್ದರೆ ಸಡಿಲವಾಗಿದೆ ಅಂತ ಅರ್ಥ. ನೆಮ್ಮದಿಯಾಗಿರುವ ಹಸುವಿನಲ್ಲಿ ಅದು ಸುಮಾರು 20 ಮಿಲಿಸೆಕೆಂಡ್ ಆಸುಪಾಸು. ಅಂದರೆ ನಾವು ಹುಡುಕುತ್ತಿರುವ ವಸ್ತುವೇ 20 ಮಿಲಿಸೆಕೆಂಡಿನಷ್ಟು ಸಣ್ಣದು. ಎಲೆಕ್ಟ್ರೋಡ್, ಗಡಿಯಾರ, ಬಡಿತ ಗುರುತಿಸುವ ಪ್ರೋಗ್ರಾಮ್, ಈ ಮೂರರಲ್ಲಿ ಯಾವುದು ಸಡಿಲವಾದರೂ ಸಂಖ್ಯೆ ಬಂದೇ ಬರುತ್ತದೆ, ಆದರೆ ಅದು ನರದ ಸಂಖ್ಯೆ ಆಗಿರುವುದಿಲ್ಲ. ಈ ಕೆಲಸದ ಕಷ್ಟವೆಲ್ಲ ಅಲ್ಲೇ ಇರೋದು.

ಸಾಮಾನು

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಲ್ಲವೂ ಸಿಗುತ್ತದೆ. ಇಸಿಜಿಗೆ, ಅಂದರೆ ಗುಂಡಿಗೆಯ ವಿದ್ಯುತ್ ಅಲೆ ಹಿಡಿಯೋಕೆ, ಎಡಿ8232 ಚಿಪ್ ಇರುವ ಚಿಕ್ಕ ಬೋರ್ಡ್. ಅಳೆಯೋಕೆ 16 ಬಿಟ್‌ನ ಎಡಿಎಸ್1115, ಇದು ವೋಲ್ಟೇಜನ್ನು ಸಂಖ್ಯೆ ಮಾಡುವ ಎಡಿಸಿ ಚಿಪ್. ಮಿದುಳಾಗಿ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್. ಬರೆದಿಡೋಕೆ ಎಸ್‌ಡಿ ಕಾರ್ಡ್. ಅಲುಗಾಟ ಮತ್ತು ಉಸಿರಿಗೆ ಎಂಪಿಯು6050. ಚಾರ್ಜ್ ಮಾಡಬಹುದಾದ ಒಂದು 18650 ಸೆಲ್, ವೋಲ್ಟೇಜನ್ನು 3.3ರಲ್ಲೇ ನಿಲ್ಲಿಸುವ ಎರಡು ರೆಗ್ಯುಲೇಟರ್.

ಇಎಸ್‌ಪಿ32ರೊಳಗೇ ಎಡಿಸಿ ಇದೆ, ಆದರೂ ಹೊರಗಿನದು ಯಾಕೆ ಅಂದರೆ ಒಳಗಿನದರಲ್ಲಿ ಗಲಾಟೆ ಜಾಸ್ತಿ, ಗೆರೆಯೂ ನೇರವಿಲ್ಲ. ರೆಗ್ಯುಲೇಟರ್ ಎರಡು ಯಾಕೆ ಅಂದರೆ ಇಸಿಜಿ ಬೋರ್ಡಿಗೆ ಒಂದು, ಉಳಿದ ಎಲ್ಲಕ್ಕೂ ಇನ್ನೊಂದು. ಎಸ್‌ಡಿ ಕಾರ್ಡ್ ಬರೆಯುವಾಗ ಕರೆಂಟ್ ಒಮ್ಮೆಲೇ ಎಳೆಯುತ್ತದೆ. ಒಂದೇ ರೆಗ್ಯುಲೇಟರ್ ಇದ್ದರೆ ಆ ಎಳೆತ ಇಸಿಜಿ ಗೆರೆಯ ಮೇಲೆ ಸಣ್ಣ ಗುಂಡಿಯ ಹಾಗೆ ಕಾಣುತ್ತದೆ. ವೈಫೈ ಹಾಕಿದರಂತೂ ಇನ್ನೂ ದೊಡ್ಡ ಗುಂಡಿ. ವೈಫೈ ಪೂರ್ತಿ ಆಫ್ ಮಾಡಿದೆ. ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕೋದು ಏನೂ ಕಷ್ಟವಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಬೆಲ್ಟ್ ಹಸುವಿನ ಮೈಮೇಲೆ ಇರುವಾಗ ಚಾರ್ಜರ್ ಆಗಲಿ, ಕರೆಂಟಿಗೆ ಹಾಕಿದ ಲ್ಯಾಪ್‌ಟಾಪ್ ಆಗಲಿ ಅದಕ್ಕೆ ಜೋಡಿಸಲೇಬಾರದು. ಹಸು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುತ್ತದೆ. ಅದರ ಮೈ ವಿದ್ಯುತ್ತಿಗೆ ಒಡ್ಡುವ ತಡೆ ಕಮ್ಮಿ. ನಮಗೆ ಗೊತ್ತೇ ಆಗದಷ್ಟು ಸಣ್ಣ ವೋಲ್ಟೇಜ್ ಕೂಡ ಅದಕ್ಕೆ ತಗಲುತ್ತದೆ. ಸೂಜಿ ಚುಚ್ಚುವುದಿಲ್ಲ, ಬೇಕಂತಲೇ ಹೆದರಿಸುವುದಿಲ್ಲ, ಅವಳ ದಿನಚರಿ ಬದಲಿಸುವುದಿಲ್ಲ ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ.

ಎಲೆಕ್ಟ್ರೋಡ್

ಆಸ್ಪತ್ರೆಯಲ್ಲಿ ನಮ್ಮ ಎದೆಗೆ ಅಂಟಿಸುವ ಜೆಲ್ ಪಟ್ಟಿ ಹಸುವಿನ ಕೂದಲ ಮೇಲೆ ನಿಲ್ಲುವುದಿಲ್ಲ. ಕೂದಲು ಕತ್ತರಿಸಿದರೂ ಬೆವರು, ಧೂಳು, ಸಗಣಿ ಎಲ್ಲ ಸೇರಿ ಬೇಗ ಕಿತ್ತು ಬರುತ್ತದೆ. ಅಂಟಿಸುವ ಬದಲು ಒತ್ತಿ ಹಿಡಿಯುವ ದಾರಿ ಹಿಡಿದೆ.

ಗುಜರಿ ಅಂಗಡಿಯಿಂದ ಕಾರಿನ ಸೀಟ್ ಬೆಲ್ಟಿನ ಪಟ್ಟಿ ತಂದೆ. ಗೌರಿಯ ಎದೆಸುತ್ತು ಸುಮಾರು 1.8 ಮೀಟರ್. ಪಟ್ಟಿಯ ನಡುವೆ ಒಂದು ಗೇಣು ಅಗಲವಾದ ಎಲಾಸ್ಟಿಕ್ ಹೊಲಿಸಿದೆ. ಇದು ಅಮ್ಮನ ಮಾತು. "ಬಿಗಿ ಜಾಸ್ತಿ ಮಾಡ್ಬೇಡ ಕಣೋ. ಮೇವು ತಿಂದ್ಮೇಲೆ ಮೈ ಹಿಗ್ಗುತ್ತೆ, ಮಲಗೋಕೆ ಆಗಲ್ಲ ಅವ್ಳಿಗೆ" ಅಂದಳು. ನಿಂತಾಗ ಸರಿಯಾಗಿದ್ದ ಬೆಲ್ಟ್ ಮಲಗಿದಾಗ ಬಿಗಿಯಾಗುತ್ತದೆ ಅನ್ನುವುದು ದಿನಾ ಹಸು ನೋಡುವವರಿಗೇ ಗೊತ್ತಾಗುವ ಸಂಗತಿ.

ಎಲೆಕ್ಟ್ರೋಡಿಗೆ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ, ಅಂಗೈ ನಡುವೆ ಕೂರುವಷ್ಟು ದುಂಡಗೆ ಕತ್ತರಿಸಿದ್ದು. ಸ್ಟೀಲಿಗೆ ಸಾಲ್ಡರ್ ಹಿಡಿಯುವುದಿಲ್ಲ, ಹಾಗಾಗಿ ನಡುವೆ ತೂತು ಕೊರೆದು ಸ್ಕ್ರೂ ಹಾಕಿ, ಅದಕ್ಕೆ ತಂತಿಯ ರಿಂಗ್ ಟರ್ಮಿನಲ್ ಬಿಗಿದೆ. ತಟ್ಟೆಯ ಮೇಲೆ ತೆಳು ಸ್ಪಂಜ್. ಅದಕ್ಕೆ ಉಪ್ಪುನೀರು, ಮೇಲಿಂದ ಇಸಿಜಿ ಜೆಲ್. ಉಪ್ಪುನೀರೊಂದೇ ಇದ್ದರೆ ಮಧ್ಯಾಹ್ನದ ಬಿಸಿಲಿಗೆ ಆರಿಹೋಗುತ್ತದೆ, ಜೆಲ್ ಇದ್ದರೆ ತಡೆಯುತ್ತದೆ. ಸ್ಟೀಲ್ ಮತ್ತು ಉಪ್ಪುನೀರು ಸೇರಿದ ಕಡೆ ತಾನಾಗಿಯೇ ಒಂದಿಷ್ಟು ವೋಲ್ಟೇಜ್ ಹುಟ್ಟುತ್ತದೆ. ಎಡಿ8232 ಪ್ಲಸ್ ಮೈನಸ್ 300 ಮಿಲಿವೋಲ್ಟ್ ತನಕ ಅದನ್ನು ತಾಳಿಕೊಳ್ಳುತ್ತದೆ. ಮೂರೂ ತಟ್ಟೆಗಳನ್ನು ಒಂದೇ ಹಾಳೆಯಿಂದ ಕತ್ತರಿಸಿದರೆ ಆ ಮಿತಿ ದಾಟುವ ಭಯ ಇಲ್ಲ.

ಉಪ್ಪುನೀರಿನ ಉಪಾಯ ಹಳೆಯದು. 1909ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅಗಸ್ಟಸ್ ವಾಲರ್ ತಮ್ಮ ಬುಲ್‌ಡಾಗ್ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಡಿಸಿ ಅದರ ಇಸಿಜಿ ತೋರಿಸಿದ್ದರು. ಇದು ಪ್ರಾಣಿಹಿಂಸೆ ಅಂತ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆಯೂ ಎದ್ದಿತ್ತು. ಸಮುದ್ರದ ನೀರಲ್ಲಿ ಕಾಲು ಇಟ್ಟ ಹಾಗೆ ಅಷ್ಟೇ ಅನ್ನುವ ಅರ್ಥದ ಉತ್ತರ ಸರ್ಕಾರದಿಂದ ಬಂತು. ಆ ಪ್ರಶ್ನೆ ಎದ್ದದ್ದು ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಪ್ರಾಣಿಯ ಮೈಮೇಲೆ ಏನೇ ಕಟ್ಟಿದರೂ ಯಾರಾದರೂ ಕೇಳುವವರು ಇರಬೇಕು.

ಎಲ್ಲಿ ಕಟ್ಟುವುದು? ಊರಿನ ಪಶುವೈದ್ಯರನ್ನು ಕೇಳಿದೆ. "ಎಡ ಮುಂಗಾಲಿನ ಮೊಣಕೈ ಹಿಂದೆ ಅಂಗೈ ಒತ್ತಿ ಹಿಡೀರಿ, ಬಡಿತ ಕೈಗೇ ಸಿಗುತ್ತೆ. ಒಂದು ಅಲ್ಲಿ ಬರ್ಲಿ" ಅಂದರು. ಎರಡನೆಯದನ್ನು ಬಲಗಡೆ ಕುತ್ತಿಗೆಯ ಕೆಳಭಾಗಕ್ಕೆ ಕಟ್ಟುವುದು ದೊಡ್ಡ ಪ್ರಾಣಿಗಳಲ್ಲಿ ರೂಢಿ. ಅಲ್ಲಿಂದ ಅಲೆ ಚೆನ್ನಾಗಿ ಬರುತ್ತದೆ. ಆದರೆ ಗೌರಿ ಮೆಲುಕು ಶುರು ಮಾಡಿದ ಕೂಡಲೇ ಗೆರೆ ಕುಣಿಯತೊಡಗಿತು. ಹಸು ಮೆಲುಕು ಹಾಕುವಾಗ ನಿಮಿಷಕ್ಕೆ 50ರಿಂದ 60 ಸಲ ಅಗಿಯುತ್ತದೆ. ಗುಂಡಿಗೆ ಬಡಿಯುವುದು 60ರಿಂದ 70 ಸಲ. ಎರಡೂ ಇಷ್ಟು ಹತ್ತಿರ ಇದ್ದರೆ ಫಿಲ್ಟರ್ ಹಾಕಿ ಬೇರೆ ಮಾಡೋದು ಸುಲಭವಲ್ಲ. ಗೆರೆಯಲ್ಲಿ ಅದು ಬಹಳ ಸ್ಪಷ್ಟವಾಗಿ ಕಾಣುತ್ತದೆ: ಒಂದೇ ಸಮನೆ ಅಗಿತದ ಅಲೆ, ಆಮೇಲೆ ಉಂಡೆ ನುಂಗಿದಾಗ ಕೆಲವು ಸೆಕೆಂಡ್ ಶಾಂತ, ಹೊಸ ಉಂಡೆ ಬಾಯಿಗೆ ಬಂತು ಅಂದರೆ ಮತ್ತೆ ಅಲೆ. ನನಗೆ ಮುಖ್ಯವಾಗಿ ಬೇಕಿದ್ದದ್ದೇ ಮೆಲುಕಿನ ಹೊತ್ತಿನ ಅಳತೆ. ಹಾಗಾಗಿ ಎರಡನೇ ತಟ್ಟೆಯನ್ನು ಬಲ ಹೆಗಲಿನ ಚಪ್ಪಟೆ ಮೂಳೆಯ ಮೇಲಕ್ಕೆ ತಂದೆ. ಅಲೆಯ ಎತ್ತರ ಸ್ವಲ್ಪ ಕಮ್ಮಿಯಾಯಿತು, ಅಗಿತ ಹೆಚ್ಚುಕಮ್ಮಿ ಮಾಯವಾಯಿತು. ಮೂರನೇ ತಟ್ಟೆ ಎಡ ಹೆಗಲ ಕಡೆ. ಮೂರೂ ಒಂದೇ ಬೆಲ್ಟಿನಲ್ಲಿ ಬಂದದ್ದರಿಂದ ತಂತಿಗಳೂ ಗಿಡ್ಡವಾದವು. ಡಬ್ಬಿ ಬೆನ್ನ ಮೇಲೆ, ನಾಲಿಗೆ ಎಟುಕದ ಕಡೆ. ಪಕ್ಕದಲ್ಲಿ ಕಟ್ಟಿದ ಕರು ತಂತಿ ಸಿಕ್ಕರೆ ಬಿಡುವುದಿಲ್ಲ, ಅದಕ್ಕೇ ತಂತಿ ಎಲ್ಲವನ್ನೂ ಪಟ್ಟಿಯ ಒಳಗೆ ಹೊಲಿದದ್ದು.

ಗಡಿಯಾರದ ಕೆಲಸ

ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಅನ್ನುವುದಕ್ಕೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. 100 ಸಲ ಅಳೆದರೆ ಪ್ರತಿ ಬಡಿತದ ಹೊತ್ತು 10 ಮಿಲಿಸೆಕೆಂಡಿನ ಕಂತಿನಲ್ಲಿ ಸಿಗುತ್ತದೆ. ಅಷ್ಟರಿಂದಲೇ ಆರ್‌ಎಂಎಸ್‌ಎಸ್‌ಡಿಯಲ್ಲಿ ಸುಮಾರು 7 ಮಿಲಿಸೆಕೆಂಡ್ ಸುಳ್ಳು ಸೇರುತ್ತದೆ. ಗುಂಡಿಗೆ ಸ್ವಲ್ಪವೂ ಏರುಪೇರಿಲ್ಲದೆ ಬಡಿದರೂ ಯಂತ್ರ 7 ಅನ್ನುತ್ತದೆ. 500 ಸಲ ಅಳೆದರೆ ಆ ಸುಳ್ಳು 1.4ಕ್ಕೆ ಇಳಿಯುತ್ತದೆ. ಎಡಿಎಸ್1115 ಹೆಚ್ಚೆಂದರೆ ಸೆಕೆಂಡಿಗೆ 860 ಸಲ ಅಳೆಯುತ್ತದೆ. ಆಗ 1ಕ್ಕಿಂತಲೂ ಕಮ್ಮಿ. ಆ ವೇಗಕ್ಕೇ ಇಟ್ಟೆ.

ಆದರೆ ಚಿಪ್ಪಿನ ಮೇಲೆ ಬರೆದ 860 ಅನ್ನುವುದು ಖಾತ್ರಿಯ ಸಂಖ್ಯೆ ಅಲ್ಲ. ಅದರೊಳಗಿನ ಗಡಿಯಾರ ಶೇಕಡ 10ರ ತನಕ ಆಚೀಚೆ ಇರಬಹುದು ಅಂತ ಡೇಟಾಶೀಟೇ ಹೇಳುತ್ತದೆ. ನನ್ನ ಚಿಪ್ 832ರ ಹತ್ತಿರ ಓಡುತ್ತದೆ. ಬಿಸಿಲಿಗೆ ಬೇರೆ ಬದಲಾಗುತ್ತದೆ. ಅದಕ್ಕೆ ದಾರಿ ಅಂದರೆ ಚಿಪ್ಪಿನ ರೆಡಿ ಪಿನ್. ಪ್ರತಿ ಅಳತೆ ಮುಗಿದಾಗ ಆ ಪಿನ್ ಸಂಕೇತ ಕೊಡುತ್ತದೆ. ಇಎಸ್‌ಪಿ32 ಆ ಕ್ಷಣಕ್ಕೆ ತನ್ನ ಕ್ರಿಸ್ಟಲ್ ಗಡಿಯಾರದ ಮೈಕ್ರೋಸೆಕೆಂಡ್ ಬರೆದುಕೊಳ್ಳುತ್ತದೆ, ಆಮೇಲೆ ಅಳತೆ ಓದುತ್ತದೆ. ಫೈಲಿನಲ್ಲಿ ಪ್ರತಿ ಅಳತೆಯ ಪಕ್ಕದಲ್ಲಿ ಅದರ ಹೊತ್ತು ಇರುತ್ತದೆ. ಅಂದಾಜಿಗೆ ಜಾಗವೇ ಇಲ್ಲ.

ಹೊತ್ತು ಬರೆದುಕೊಂಡದ್ದರಿಂದ ಇನ್ನೊಂದು ತೊಂದರೆ ಬೆಂಚಿನ ಮೇಲೇ ಸಿಕ್ಕಿತು. ಎಸ್‌ಡಿ ಕಾರ್ಡ್ ಸಾಮಾನ್ಯವಾಗಿ ಚಕಚಕ ಬರೆಯುತ್ತದೆ. ಆದರೆ ಆಗಾಗ ತನ್ನೊಳಗಿನ ಜಾಗ ಹೊಂದಿಸಿಕೊಳ್ಳೋಕೆ ನಿಂತುಬಿಡುತ್ತದೆ. ಒಮ್ಮೊಮ್ಮೆ 180 ಮಿಲಿಸೆಕೆಂಡ್ ತನಕ ನಿಂತದ್ದು ಕಂಡಿತು. ಆ ಹೊತ್ತಿನ ಅಳತೆಗಳು ಸುಮ್ನೆ ಕಳೆದುಹೋಗುತ್ತವೆ. ಅಳತೆಗಳನ್ನು ಬರೀ ಸಾಲಾಗಿ ಎಣಿಸುವ ಯಂತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ, ಒಂದು ಬಡಿತ ಬೇಗ ಬಂತು ಅಂತ ತೋರುತ್ತದೆ. ಇಎಸ್‌ಪಿ32ರಲ್ಲಿ ಎರಡು ಕೋರ್ ಇದೆಯಲ್ಲ, ಒಂದಕ್ಕೆ ಅಳೆಯುವ ಕೆಲಸ ಮಾತ್ರ, ಇನ್ನೊಂದಕ್ಕೆ ಬರೆಯುವ ಕೆಲಸ ಮಾತ್ರ ಕೊಟ್ಟೆ. ನಡುವೆ 32 ಕಿಲೋಬೈಟಿನ ಬಫರ್. ಕಾರ್ಡ್ ಮೂರು ಸೆಕೆಂಡ್ ನಿಂತರೂ ಈಗ ಏನೂ ಕಳೆಯುವುದಿಲ್ಲ.

ಹಸುವಿಗೆ ಕಟ್ಟುವ ಮುಂಚೆ ಇನ್ನೊಂದು ಇಎಸ್‌ಪಿ32ರಿಂದ ನಕಲಿ ಗುಂಡಿಗೆ ಮಾಡಿದೆ. ಸಂಖ್ಯೆಯನ್ನು ವೋಲ್ಟೇಜ್ ಮಾಡುವ ಅದರ ಡ್ಯಾಕ್ ಪಿನ್ನಿನಿಂದ ಇಸಿಜಿ ಆಕಾರದ ಅಲೆ ಹೊರಡಿಸಿ, 3.3 ಲಕ್ಷ ಓಮ್ ಮತ್ತು 100 ಓಮ್‌ನ ಎರಡು ರೆಸಿಸ್ಟರ್‌ಗಳಿಂದ 1 ಮಿಲಿವೋಲ್ಟಿಗೆ ಇಳಿಸಿದೆ. ನನ್ನ ಬೋರ್ಡ್ ಒಟ್ಟು 1100 ಪಟ್ಟು ಹಿಗ್ಗಿಸುತ್ತದೆ, ಹಾಗಾಗಿ 1 ಮಿಲಿವೋಲ್ಟ್ ಸರಿಯಾದ ಅಳತೆ. ಬಡಿತದ ಅಂತರಗಳ ಪಟ್ಟಿಯನ್ನು ನಾನೇ ಕೊಟ್ಟದ್ದು, ಆರ್‌ಎಂಎಸ್‌ಎಸ್‌ಡಿ ಸರಿಯಾಗಿ 20 ಬರುವ ಹಾಗೆ. ಬೆಲ್ಟ್ 20.1 ಅಂದಿತು. ಅಲ್ಲಿಂದ ಮುಂದೆ ಸಂಖ್ಯೆ ಕೆಟ್ಟರೆ ಅದು ಹಸುವಿನ ಮೈಮೇಲೆ ಆದದ್ದು, ಡಬ್ಬಿಯೊಳಗೆ ಅಲ್ಲ ಅಂತ ಹೇಳುವ ಧೈರ್ಯ ಬಂತು. ಇಂಥ ಯಂತ್ರ ಕಟ್ಟುವವರು ಯಾವ ಹಂತ ಬಿಟ್ಟರೂ ಇದೊಂದನ್ನು ಬಿಡಬಾರದು.

ತಪ್ಪಿಹೋದ ಒಂದು ಬಡಿತದ ಬೆಲೆ

ಬಡಿತ ಗುರುತಿಸೋಕೆ 1985ರಲ್ಲಿ ಪ್ಯಾನ್ ಮತ್ತು ಟಾಂಪ್‌ಕಿನ್ಸ್ ಬರೆದ ವಿಧಾನವನ್ನೇ ತೆಗೆದುಕೊಂಡೆ. ಚೂಪಾದ ಭಾಗ ಉಳಿಯುವ ಹಾಗೆ ಫಿಲ್ಟರ್ ಮಾಡಿ, ಗೆರೆಯ ಇಳಿಜಾರು ಎಷ್ಟು ಅಂತ ಲೆಕ್ಕ ಹಾಕಿ, ಅದನ್ನು ವರ್ಗ ಮಾಡಿ, ಮಿತಿ ದಾಟಿದ್ದನ್ನು ಬಡಿತ ಅನ್ನುವುದು. ಅದು ಮನುಷ್ಯರ ಇಸಿಜಿಗೆ ಮಾಡಿದ್ದು. ಹಸುವಿನಲ್ಲಿ ಈ ಜಾಗಗಳಿಂದ ತೆಗೆದ ಇಸಿಜಿಯ ದೊಡ್ಡ ಮೊನೆ ಕೆಳಮುಖವಾಗಿ ಬರುತ್ತದೆ. ಅದರ ಹಿಂದೆ ಬರುವ ಟಿ ಅಲೆ ಕೆಲವೊಮ್ಮೆ ಎಷ್ಟು ದೊಡ್ಡದಿರುತ್ತದೆ ಅಂದರೆ ಪ್ರೋಗ್ರಾಮ್ ಅದನ್ನೂ ಬಡಿತ ಅಂತ ಎಣಿಸುತ್ತದೆ. ಒಂದು ಬಡಿತ ಆದ ಮೇಲೆ 200 ಮಿಲಿಸೆಕೆಂಡ್ ಏನನ್ನೂ ಎಣಿಸಬೇಡ ಅನ್ನುವುದು ಮೂಲ ವಿಧಾನದ ನಿಯಮ. ಹಸುವಿನ ಬಡಿತ ಮನುಷ್ಯರಂತೆ 180ಕ್ಕೆ ಏರುವ ಸಂದರ್ಭ ಕೊಟ್ಟಿಗೆಯಲ್ಲಿ ಬರುವುದಿಲ್ಲ. ಹಾಗಾಗಿ ಆ 200 ಮಿಲಿಸೆಕೆಂಡನ್ನು 350 ಮಾಡಿದೆ, ಎರಡೆರಡು ಎಣಿಕೆ ನಿಂತಿತು.

ಇಷ್ಟೆಲ್ಲ ಕಾಳಜಿ ಯಾಕೆ? ಐದು ನಿಮಿಷದಲ್ಲಿ 350 ಬಡಿತ, ನಿಜವಾದ ಆರ್‌ಎಂಎಸ್‌ಎಸ್‌ಡಿ 20 ಅಂತ ಇಟ್ಟುಕೊಳ್ಳಿ. ಅದರಲ್ಲಿ ಒಂದೇ ಒಂದು ಬಡಿತ ತಪ್ಪಿಹೋಯಿತು. ಆ ಜಾಗದಲ್ಲಿ 857 ಬದಲು 1714 ಬರುತ್ತದೆ. ಹಿಂದಿನದಕ್ಕೂ ಮುಂದಿನದಕ್ಕೂ 857ರ ವ್ಯತ್ಯಾಸ. ವರ್ಗ ಮಾಡಿ ಸರಾಸರಿಗೆ ಸೇರಿಸಿದರೆ ಉತ್ತರ 68. ಒಂದು ಬಡಿತ ತಪ್ಪಿದ್ದಕ್ಕೆ ಸಂಖ್ಯೆ ಮೂರು ಪಟ್ಟಿಗಿಂತ ಮೇಲೆ ಹೋಯಿತು! ಹಸು ಪರಮ ನೆಮ್ಮದಿಯಲ್ಲಿದೆ ಅಂತ ಆ 68 ಹೇಳುತ್ತದೆ, ನಿಜವಾಗಿ ಆದದ್ದು ನೊಣ ಕೂತು ಚರ್ಮ ಕಂಪಿಸಿದ್ದು ಅಷ್ಟೇ. ಹಸುವಿನ ಚರ್ಮದಡಿಯ ತೆಳು ಸ್ನಾಯು ನೊಣ ಕೂತ ಜಾಗದಲ್ಲಿ ಥಟ್ಟನೆ ನಡುಗುತ್ತದಲ್ವಾ, ಆ ನಡುಕ ಇಸಿಜಿಯಲ್ಲಿ ಬಡಿತಕ್ಕಿಂತ ಎತ್ತರ.

ಅಕ್ಕಪಕ್ಕದ ಅಂತರಗಳಿಗಿಂತ ಶೇಕಡ 20ಕ್ಕೂ ಹೆಚ್ಚು ಬೇರೆ ಇರುವ ಅಂತರವನ್ನು ಪ್ರೋಗ್ರಾಮ್ ಗುರುತು ಮಾಡುತ್ತದೆ. ಅಳಿಸುವುದಿಲ್ಲ, ಗುರುತು ಮಾತ್ರ. ಪ್ರತಿಯೊಂದನ್ನೂ ಗೆರೆಯ ಜೊತೆ ಕಣ್ಣಲ್ಲೇ ನೋಡುತ್ತೇನೆ. ಒಂದು ತುಂಡಿನಲ್ಲಿ ಶೇಕಡ 5ಕ್ಕಿಂತ ಜಾಸ್ತಿ ಗುರುತು ಇದ್ದರೆ ಇಡೀ ಐದು ನಿಮಿಷ ಬಿಟ್ಟುಬಿಡುತ್ತೇನೆ. ಕಣ್ಣಲ್ಲಿ ನೋಡದೆ ಅಳಿಸುವುದು ಯಾಕೆ ಸರಿಯಲ್ಲ ಅನ್ನುವುದಕ್ಕೆ ಕುದುರೆಯೇ ಸಾಕ್ಷಿ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯಲ್ಲಿ ವೇಗಸ್ ಎಷ್ಟು ಬಲವಾಗಿರುತ್ತದೆ ಅಂದರೆ ಆಗಾಗ ಒಂದು ಬಡಿತವೇ ಬಿಟ್ಟುಹೋಗುತ್ತದೆ. ಅದು ರೋಗವಲ್ಲ. ಅಲ್ಲಿ ಶೇಕಡ 20ರ ನಿಯಮವನ್ನು ಕುರುಡಾಗಿ ಹಾಕಿದರೆ ನಾವು ಅಳಿಸುವುದು ನರದ ಕೆಲಸವನ್ನೇ.

ಕೊಟ್ಟಿಗೆಯ ಕರೆಂಟ್ ಗುಂಯ್‌ಗುಡುವಿಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೋರ್ಡಿನ ಫಿಲ್ಟರ್ 40 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 40 ಸಲ ಆಡುವ ಅಲೆಗೆ, ಕಡಿಯುತ್ತದೆ; ಕರೆಂಟಿನ 50 ಹರ್ಟ್ಸ್ ಪೂರ್ತಿ ಹೋಗುವುದಿಲ್ಲ. ಮೇವು ಕತ್ತರಿಸುವ ಮಷಿನ್ ಓಡುವಾಗ ಗೆರೆ ದಪ್ಪವಾಗುತ್ತಿತ್ತು. ತಂತಿ ಗಿಡ್ಡ ಮಾಡಿ, ಶೀಲ್ಡ್ ಇರುವುದನ್ನು ಹಾಕಿ, ಮೂರನೇ ತಟ್ಟೆಯ ಸ್ಪಂಜ್ ಒದ್ದೆಯಾಗಿಟ್ಟರೆ ಸಾಕಾಯಿತು.

ಉಸಿರು ಆಡಿಸಿದ ಆಟ

ಆರ್‌ಎಂಎಸ್‌ಎಸ್‌ಡಿ ಜೊತೆಗೆ, ಏರುಪೇರಿನಲ್ಲಿ ಉಸಿರಿನ ಪಾಲು ಎಷ್ಟು ಅಂತಲೂ ತೆಗೆಯುವುದು ವಾಡಿಕೆ. ಮನುಷ್ಯರಿಗೆ 0.15ರಿಂದ 0.40 ಹರ್ಟ್ಸ್ ಪಟ್ಟಿ ನೋಡಬೇಕು ಅಂತ 1996ರಲ್ಲಿ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಮಿತಿ ನಿಗದಿ ಮಾಡಿತು. ಹಸು ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ, ಅಂದರೆ 0.33ರಿಂದ 0.5 ಹರ್ಟ್ಸ್. ಮನುಷ್ಯರ ಪಟ್ಟಿ ಹಾಕಿದರೆ ಅರ್ಧ ಹೊರಗೇ ಉಳಿಯುತ್ತದೆ. ದನಗಳಿಗೆ 0.20ರಿಂದ 0.58 ಬಳಸಿ ಅಂತ 2007ರ ಒಂದು ಪ್ರಮುಖ ವಿಮರ್ಶಾ ಲೇಖನ ಸೂಚಿಸಿತು. ನಾನೂ ಅದನ್ನೇ ಇಟ್ಟೆ.

ಏಪ್ರಿಲ್ ಮಧ್ಯಾಹ್ನದ ಫೈಲುಗಳಲ್ಲಿ 0.25 ಹರ್ಟ್ಸ್ ಹತ್ತಿರ ಚಂದದ ಒಂದು ದಿಬ್ಬ ಬಂತು. ನೋಡಿದರೆ ಹಸು ನಿಮಿಷಕ್ಕೆ 15 ಸಲ ನಿಧಾನವಾಗಿ, ಆರಾಮಾಗಿ ಉಸಿರಾಡುತ್ತಿದೆ ಅನ್ನಬೇಕು. ಆದರೆ ಎಂಪಿಯು6050 ಹಿಡಿದ ಎದೆಯ ಏರಿಳಿತ ಹೇಳುತ್ತಿದ್ದದ್ದು ನಿಮಿಷಕ್ಕೆ 60. ಗೌರಿ ಸೆಕೆಗೆ ಏದುಸಿರು ಬಿಡುತ್ತಿದ್ದಳು.

ಆದದ್ದು ಇಷ್ಟು. ನರದ ಕೆಲಸ ನಮಗೆ ಕಾಣುವುದು ಬಡಿತ ಬಿದ್ದಾಗ ಮಾತ್ರ. ಬಡಿತ ನಿಮಿಷಕ್ಕೆ 75 ಇದ್ದರೆ ಸೆಕೆಂಡಿಗೆ 1.25 ಸಲ ಮಾತ್ರ ನೋಡಿದ ಹಾಗಾಯಿತು. ಅದರ ಅರ್ಧ, ಅಂದರೆ 0.625 ಹರ್ಟ್ಸ್‌ಗಿಂತ ಬೇಗ ಆಡುವ ಯಾವುದೂ ತನ್ನ ನಿಜವಾದ ವೇಗದಲ್ಲಿ ಕಾಣುವುದಿಲ್ಲ, ಮಡಚಿಕೊಂಡು ನಿಧಾನದ್ದರ ವೇಷದಲ್ಲಿ ಕಾಣುತ್ತದೆ. ಉಸಿರು 1 ಹರ್ಟ್ಸ್. 1.25ರಲ್ಲಿ 1 ಕಳೆದರೆ 0.25. ಅದು ಸರಿಯಾಗಿ ನಾವು ನೋಡುವ ಪಟ್ಟಿಯೊಳಗೇ ಬಂದು ಕೂತಿತು. ಸೆಕೆಯಿಂದ ಬಳಲುತ್ತಿರುವ ಹಸುವನ್ನು ಇದು ನೆಮ್ಮದಿಯ ಹಸು ಅಂತ ತೋರಿಸಬಲ್ಲದು. ಉಸಿರನ್ನು ಬೇರೆಯಾಗಿ ಅಳೆಯದೆ ಬರೀ ಬಡಿತದಿಂದ ತೀರ್ಮಾನಕ್ಕೆ ಬರುವವರು ಇದನ್ನು ಗಮನಿಸಲೇಬೇಕು. ಈಗ ನನ್ನ ನಿಯಮ: ಉಸಿರಿನ ಸಂಖ್ಯೆ ಬಡಿತದ ಅರ್ಧ ದಾಟಿದರೆ ಆ ತುಂಡಿನಿಂದ ನರದ ಲೆಕ್ಕ ತೆಗೆಯುವುದಿಲ್ಲ. ಇಷ್ಟಕ್ಕೂ ಹಸು ನಿಮಿಷಕ್ಕೆ 60 ಸಲ ಏದುತ್ತಿದ್ದರೆ ಅದರ ಪಕ್ಕೆ ನೋಡಿದರೇ ಸಾಕು, ಬೆಲ್ಟ್ ಬೇಡ. ನೀರು, ನೆರಳು, ಗಾಳಿ ಬೇಕು.

ಏನು ಸಿಕ್ಕಿತು

ರಾತ್ರಿ ಮಲಗಿ ಮೆಲುಕು ಹಾಕುವಾಗ ಬಡಿತ 64ರ ಹತ್ತಿರ, ಆರ್‌ಎಂಎಸ್‌ಎಸ್‌ಡಿ 24ರ ಹತ್ತಿರ. ಮಲಗಿದ್ದನ್ನು ನಿಂತದ್ದರ ಜೊತೆ ಹೋಲಿಸಬಾರದು, ಭಂಗಿಯೊಂದೇ ಸಂಖ್ಯೆ ಬದಲಿಸುತ್ತದೆ. ಹಾಗಾಗಿ ನಿಂತದ್ದಕ್ಕೆ ನಿಂತದ್ದನ್ನೇ ಹಿಡಿದೆ, ಬೆಳಿಗ್ಗೆ 11ರ ಹೊತ್ತಿಗೆ, ಏದುಸಿರು ಶುರುವಾಗುವ ಮುಂಚೆ. ತಗಡಿನ ಕೆಳಗೆ ಬಡಿತ 82, ಆರ್‌ಎಂಎಸ್‌ಎಸ್‌ಡಿ 11. ಹಲಸಿನ ಮರದ ಕೆಳಗೆ 72 ಮತ್ತು 18. ಬೇರೆ ಬೇರೆ ದಿನ ಜಾಗ ಅದಲುಬದಲು ಮಾಡಿದರೂ ದಿಕ್ಕು ಇದೇ. ಒಂದೇ ಹಸುವಿನ ಲೆಕ್ಕ ಇದು, ಎಲ್ಲ ಹಸುಗಳಿಗೂ ಅನ್ವಯಿಸುವುದಿಲ್ಲ. ಬಡಿತದ ವೇಗ ಏರಿದಾಗ ಆರ್‌ಎಂಎಸ್‌ಎಸ್‌ಡಿ ಸ್ವಲ್ಪ ತಾನಾಗಿಯೇ ಇಳಿಯುತ್ತದೆ ಅನ್ನುವುದನ್ನೂ ಮರೆಯುವಂತಿಲ್ಲ. ಆದರೆ ಗೌರಿಯ ವಿಷಯದಲ್ಲಿ ನನಗೆ ಅನುಮಾನ ಉಳಿದಿಲ್ಲ. ಏದುಸಿರು ಕಾಣುವ ಎಷ್ಟೋ ಮುಂಚೆ, ಹೊರಗಿಂದ ಸುಮ್ಮನೆ ನಿಂತ ಹಾಗೆ ಕಾಣುವ ಹೊತ್ತಿನಲ್ಲೇ, ತಗಡಿನ ಕೆಳಗೆ ಅವಳ ಬ್ರೇಕ್ ಸಡಿಲವಾಗಿರುತ್ತದೆ. ಈಗ 10 ಗಂಟೆಗೇ ಮರದ ಕೆಳಗೆ ಕಟ್ಟುತ್ತೇವೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದ್ದೇವೆ.

ಇಡೀ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ ತುಂಡು ಕೆಲವೇ ಸೆಕೆಂಡಿನದ್ದು. ಸಂಜೆ ಅಮ್ಮ ಹಾಲಿನ ಬಕೆಟ್ ಎತ್ತಿದ ಸದ್ದು. ಅಂತರಗಳು ಸಾಲಾಗಿ ಹೀಗಿವೆ: 850, 846, 790, 742, 735. ಎರಡು ಮೂರು ಬಡಿತದೊಳಗೆ ವೇಗ ಏರಿಬಿಟ್ಟಿದೆ. ಸಿಂಪಥೆಟಿಕ್ ನರಕ್ಕೆ ಅಷ್ಟು ಚುರುಕು ಇಲ್ಲ, ಇದು ವೇಗಸ್ ಕೈಬಿಟ್ಟದ್ದು. ಗೌರಿ ಕತ್ತು ತಿರುಗಿಸುವ ಮುಂಚೆಯೇ ಅವಳ ಗುಂಡಿಗೆಗೆ ಸುದ್ದಿ ಮುಟ್ಟಿತ್ತು.

ಈ ಬೆಲ್ಟಿಗೆ ಆಗದ ಕೆಲಸ

ಸಿಂಪಥೆಟಿಕ್ ನರದ ಕೆಲಸವನ್ನು ಇದು ಅಳೆಯುವುದಿಲ್ಲ. ನಿಧಾನದ ಏರುಪೇರನ್ನು ಚುರುಕಿನದರಿಂದ ಭಾಗಿಸಿ ಎರಡು ನರಗಳ ಸಮತೋಲ ಇಷ್ಟು ಅನ್ನುವ ಲೆಕ್ಕವೊಂದು ಚಾಲ್ತಿಯಲ್ಲಿದೆ. ಆ ನಿಧಾನದ ಭಾಗದಲ್ಲೂ ವೇಗಸ್ ಪಾಲು ದೊಡ್ಡದಿರುತ್ತದೆ, ಹಾಗಾಗಿ ನಾನು ಅದನ್ನು ಬಳಸುವುದಿಲ್ಲ. ಸಿಂಪಥೆಟಿಕ್ ನರವನ್ನೇ ನೇರವಾಗಿ ಕೇಳೋಕೆ ಅಮೆರಿಕದ ಪೆಂಗ್ ಶೆಂಗ್ ಚೆನ್ ಅವರ ತಂಡ ನಾಯಿಗಳ ಕುತ್ತಿಗೆ ಬುಡದ ಹತ್ತಿರದ ಸ್ಟೆಲೇಟ್ ನರಗಂಟಿನಲ್ಲಿ ಎಲೆಕ್ಟ್ರೋಡ್ ಇಟ್ಟು, ಓಡಾಡುತ್ತಿರುವಾಗಲೇ ದಾಖಲಿಸಿತು. ಅದೇ ತಂಡ ಆಮೇಲೆ ಶಸ್ತ್ರಚಿಕಿತ್ಸೆ ಬೇಡದ ದಾರಿಯನ್ನೂ ತೋರಿಸಿತು. ಮಾಮೂಲಿ ಇಸಿಜಿ ಎಲೆಕ್ಟ್ರೋಡಿನಿಂದಲೇ 500ರಿಂದ 1000 ಹರ್ಟ್ಸ್ ನಡುವಿನ ಸಂಕೇತ ತೆಗೆದರೆ ಅದರಲ್ಲಿ ಚರ್ಮದ ಸಿಂಪಥೆಟಿಕ್ ನರದ ಸದ್ದು ಸಿಗುತ್ತದೆ. 40 ಹರ್ಟ್ಸ್‌ಗೆ ಕಡಿಯುವ ನನ್ನ ಬೋರ್ಡಿಗೆ ಅದು ಕಾಣುವ ಮಾತೇ ಇಲ್ಲ. ಸೆಕೆಂಡಿಗೆ ಹಲವು ಸಾವಿರ ಸಲ ಅಳೆಯುವ ಎಡಿಸಿ, ತುಂಬ ಮೌನವಾದ ಆಂಪ್ಲಿಫೈಯರ್ ಬೇಕು. ನೊಣಕ್ಕೆ ನಡುಗುವ ಸ್ನಾಯುವಿನ ಸದ್ದೂ ಅದೇ ಪಟ್ಟಿಯಲ್ಲಿ ಬರುವುದರಿಂದ ಹಸುವಿನಲ್ಲಿ ಇದು ಸುಲಭವಲ್ಲ. ಆದರೂ ಆಂಪ್ಲಿಫೈಯರ್ ಭಾಗವನ್ನು ಬೇರೆ ಬೋರ್ಡಿನಲ್ಲಿ ಶುರು ಮಾಡಿದ್ದೇನೆ.

ಅದಕ್ಕೂ ಮುಂಚೆ ಈಗಿನ ಬೆಲ್ಟ್ ಪಕ್ಕದ ಮನೆಯ ಎಮ್ಮೆಗೆ ಹೋಗಲಿದೆ. ಎಮ್ಮೆಗೆ ಕೂದಲು ಕಮ್ಮಿ, ತಟ್ಟೆ ಚರ್ಮಕ್ಕೆ ಚೆನ್ನಾಗಿ ತಾಗುತ್ತದೆ. ನೀರಿಗೆ ಇಳಿಯುವ ಮುಂಚೆ ಬಿಚ್ಚಬೇಕು. ಎಲಾಸ್ಟಿಕ್ ಇನ್ನೊಂದು ಗೇಣು ಸೇರಿಸಿ ಹೊಲಿಸಿದ್ದೇನೆ. ಉಸಿರಿನ ಪಟ್ಟಿಯನ್ನು ಹಸುವಿನದ್ದೇ ಇಟ್ಟುಕೊಳ್ಳದೆ, ಮೊದಲು ಅದರ ಉಸಿರು ಎಣಿಸಿ ಆಮೇಲೆ ಹಾಕುತ್ತೇನೆ.